ಕೊರೆದಾಗ ನಿಂತ ಬುಗ್ಗೆ, ಮುಚ್ಚಿದಾಗ ಚಿಮ್ಮಿತು

2020ರ ಜನವರಿ 29ರಂದು ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ ನಡೆದ ಟಿ-20 ಮ್ಯಾಚ್ ನಿಮಗೆ ನೆನಪಿರಬಹುದು. ಸೂಪರ್ ಓವರಿನ ಕೊನೆಯ ಎರಡು ಬಾಲಿಗೆ ರೋಹಿತ್ ಶರ್ಮಾ ಎರಡು ಸಿಕ್ಸರ್ ಹೊಡೆದು ಗೆಲ್ಲಿಸಿದ್ದರು. ಇನ್ನೊಂದು ತುದಿಯಲ್ಲಿ ನಮ್ಮ ಕೆ.ಎಲ್. ರಾಹುಲ್ ನಿಂತಿದ್ದರು. ಆ ಮ್ಯಾಚ್ ನಡೆದ ಊರಿನ ನಡುವೆಯೇ ವೈಕಾಟೊ ಎಂಬ ನದಿ ಹರಿಯುತ್ತದೆ. ಉದ್ದ 425 ಕಿಲೋಮೀಟರ್, ಆ ದೇಶದ ಅತಿ ಉದ್ದದ ನದಿ. ಇವತ್ತು ನಾವು ಹೇಳಬೇಕೆಂದಿರುವುದು ಆ ನದಿಯ ಮೇಲ್ಭಾಗದ ಕಥೆ. ಅಲ್ಲಿ ಜಲಪಾತವಿದೆ, ಕುದಿಯುವ ಬುಗ್ಗೆಗಳಿವೆ, ಹೊಗೆಯಾಡುವ ನೆಲವಿದೆ. ಜೊತೆಗೆ ನಮ್ಮ ಬೋರ್‌ವೆಲ್ ಜಗಳಕ್ಕೆ ಬೇಕಾದ ಒಂದು ಪಾಠವೂ ಇದೆ.

ಮೊದಲೇ ಹೇಳಿಬಿಡುತ್ತೇವೆ. ನಾವು ನ್ಯೂಜಿಲೆಂಡಿಗೆ ಹೋದವರಲ್ಲ. ತಾಲ್ಲೂಕು ಕಚೇರಿ, ಎಪಿಎಂಸಿ, ಗ್ರಾಮ ಸಭೆ ಅಂತ ಬೈಕಿನಲ್ಲಿ ಸುತ್ತುವವರು. ಆದರೆ ಮೊಬೈಲಿನಲ್ಲಿ ಆ ಜಾಗದ ವಿಡಿಯೊ ನೀವೂ ನೋಡಿರುತ್ತೀರಿ, ನಾವೂ ನೋಡಿದ್ದೇವೆ. ನೀಲಿ ನೀರು ಬೀಳುತ್ತದೆ, ನೆಲದಿಂದ ಬಿಸಿನೀರು ಆಕಾಶಕ್ಕೆ ಚಿಮ್ಮುತ್ತದೆ, ಹಿಂದೆ ಒಂದು ಹಾಡು. 30 ಸೆಕೆಂಡಿಗೆ ಮುಗಿಯುತ್ತದೆ. ಆ 30 ಸೆಕೆಂಡಿನ ಹಿಂದಿನ 70 ವರ್ಷ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಹೊಳೆಯ ಜೊತೆ ಹೊರಡೋಣ

ನದಿ ಹುಟ್ಟುವುದು ಟೌಪೊ ಎಂಬ ಸರೋವರದಿಂದ. ನೋಡಲು ಶಾಂತವಾದ ದೊಡ್ಡ ಕೆರೆ, 600 ಚದರ ಕಿಲೋಮೀಟರಿಗೂ ಹೆಚ್ಚು ಅಗಲ. ಆದರೆ ಅದು ಕೆರೆಯಾಗಿದ್ದೇ ಜ್ವಾಲಾಮುಖಿಯಿಂದ. ಸುಮಾರು 25 ಸಾವಿರ ವರ್ಷದ ಹಿಂದೆ ಅಲ್ಲಿ ಭೂಮಿ ಸ್ಫೋಟಿಸಿತು. ಒಳಗಿದ್ದ ಕರಗಿದ ಕಲ್ಲೆಲ್ಲ ಹೊರಗೆ ಬಂದ ಮೇಲೆ ಮೇಲಿನ ನೆಲ ಕುಸಿದು ಹಳ್ಳವಾಯಿತು, ಹಳ್ಳದಲ್ಲಿ ನೀರು ತುಂಬಿತು. ಸುಮಾರು 1,800 ವರ್ಷದ ಹಿಂದೆ ಮತ್ತೊಮ್ಮೆ ದೊಡ್ಡದಾಗಿ ಸಿಡಿಯಿತು. ಒಳಗಿನ ಬಿಸಿ ಇನ್ನೂ ಆರಿಲ್ಲ.

ಸರೋವರ ಬಿಟ್ಟು ಸುಮಾರು 5 ಕಿಲೋಮೀಟರ್ ಇಳಿದರೆ ಹುಕಾ ಜಲಪಾತ. ಹುಕಾ ಅಂದರೆ ಅಲ್ಲಿನ ಮಾವೊರಿ ಜನರ ಮಾತಿನಲ್ಲಿ ನೊರೆ. ಎತ್ತರ ಕೇಳಿದರೆ ನೀವು ನಗಬಹುದು, 11 ಮೀಟರ್ ಅಷ್ಟೆ. ನಮ್ಮ ಜೋಗ 253 ಮೀಟರ್. ಆದರೆ ಹುಕಾದ ಜೋರು ಇರುವುದು ಎತ್ತರದಲ್ಲಲ್ಲ. ಸುಮಾರು 100 ಮೀಟರ್ ಅಗಲವಾಗಿ ಹರಿಯುತ್ತಿದ್ದ ನದಿ ಅಲ್ಲಿ ಗಟ್ಟಿ ಕಲ್ಲಿನ ನಡುವೆ 15 ಮೀಟರಿನಷ್ಟು ಸಂದಿಯಲ್ಲಿ ನುಗ್ಗಬೇಕು. ನೀರು ಹೆಚ್ಚಿದ್ದಾಗ ಸೆಕೆಂಡಿಗೆ 2 ಲಕ್ಷ ಲೀಟರಿಗೂ ಮೇಲೆ. ನಮ್ಮೂರಿನ ಓವರ್‌ಹೆಡ್ ಟ್ಯಾಂಕ್ 50 ಸಾವಿರ ಲೀಟರಿನದಾದರೆ, ಒಂದು ಸೆಕೆಂಡಿಗೆ ನಾಲ್ಕು ಟ್ಯಾಂಕ್ ಖಾಲಿ ಮಾಡಿದ ಹಾಗೆ.

ಇನ್ನೂ ಸ್ವಲ್ಪ ಕೆಳಗೆ ಹೋದರೆ ಅರಾಟಿಯಾಟಿಯಾ. ಒಂದು ಕಾಲಕ್ಕೆ ಅಲ್ಲಿ ನದಿ ಬಂಡೆಗಳ ಮೇಲೆ ಭೋರ್ಗರೆಯುತ್ತಿತ್ತು. 1964ರಲ್ಲಿ ಅಣೆಕಟ್ಟು ಬಂತು, ನೀರು ವಿದ್ಯುತ್ ಕೇಂದ್ರದ ಕಡೆ ತಿರುಗಿತು. ಈಗ ಬಂಡೆಗಳು ಒಣಗಿ ನಿಂತಿರುತ್ತವೆ. ನೋಡಲು ಬಂದವರಿಗಾಗಿ ದಿನಕ್ಕೆ ಕೆಲವು ಸಲ ಗೊತ್ತಾದ ಹೊತ್ತಿಗೆ ಗೇಟ್ ಎತ್ತುತ್ತಾರೆ. ಸೈರನ್ ಕೂಗುತ್ತದೆ, ನೀರು ಬರುತ್ತದೆ, ಜನ ಫೋಟೊ ತೆಗೆದುಕೊಳ್ಳುತ್ತಾರೆ, ಗೇಟ್ ಮುಚ್ಚುತ್ತದೆ.

ಓದುವಾಗ ನಮಗೆ ಜೋಗ ನೆನಪಾಯಿತು. ಅದೇ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅಂದಿನಿಂದ ಮಳೆಗಾಲ ಬಿಟ್ಟರೆ ಶರಾವತಿ ಎಷ್ಟು ಬೀಳಬೇಕು ಎನ್ನುವುದು ಮೇಲಿನ ಅಣೆಕಟ್ಟಿನ ಲೆಕ್ಕ. ಎರಡು ದೇಶ, ಒಂದೇ ವರ್ಷ, ಒಂದೇ ಕಥೆ. ಆ ಕರೆಂಟಿನಿಂದ ನಮ್ಮ ಮನೆಯ ಬಲ್ಬೂ ಉರಿದಿದೆ, ಆದ್ದರಿಂದ ಬರೀ ಬೈದು ಕೂರುವುದು ನ್ಯಾಯವಲ್ಲ. ಆದರೂ ಒಂದು ಮಾತು ಇದೆ. ಅಣೆಕಟ್ಟಿನ ಗೇಟಾದರೆ ಎತ್ತಬಹುದು. ನೆಲದೊಳಗಿನ ನೀರಿಗೆ ಗೇಟಿಲ್ಲ. ಅದು ಒಮ್ಮೆ ಇಳಿದರೆ ಏನಾಗುತ್ತದೆ ಎಂಬುದನ್ನು ತೋರಿಸುವ ಜಾಗ ಇದೇ ನದಿಯ ಪಕ್ಕದಲ್ಲಿದೆ.

ಕುಕ್ಕರಿನ ಲೆಕ್ಕ

ಅದಕ್ಕೂ ಮೊದಲು, ಬಿಸಿನೀರು ಚಿಮ್ಮುವುದು ಹೇಗೆ ಎಂಬುದು ಗೊತ್ತಿರಬೇಕು. ನಿಮ್ಮ ಮನೆಯ ಕುಕ್ಕರ್ ನೆನಪಿಸಿಕೊಳ್ಳಿ. ಮುಚ್ಚಳ ಬಿಗಿದು ವಿಸಿಲ್ ಕೂರಿಸಿದರೆ ಒಳಗೆ ಒತ್ತಡ ಏರುತ್ತದೆ, ನೀರು 100 ಡಿಗ್ರಿ ದಾಟಿದರೂ ಕುದಿದು ಆವಿಯಾಗಿ ಹಾರಿಹೋಗುವುದಿಲ್ಲ. ನೆಲದೊಳಗೂ ಹೀಗೆಯೇ. ಮಳೆನೀರು ಬಿರುಕುಗಳಲ್ಲಿ ಆಳಕ್ಕೆ ಇಳಿದು ಬಿಸಿ ಕಲ್ಲಿಗೆ ತಾಗಿ ಕಾಯುತ್ತದೆ. ಮೇಲೆ ನಿಂತಿರುವ ನೀರಿನ ಭಾರವೇ ಅದಕ್ಕೆ ಮುಚ್ಚಳ. ಬಿಸಿ ಮಿತಿ ಮೀರಿದಾಗ ಒಂದಿಷ್ಟು ನೀರು ಮೇಲೆ ಉಕ್ಕುತ್ತದೆ, ಭಾರ ಕಡಿಮೆಯಾಗುತ್ತದೆ, ಕೆಳಗಿನ ನೀರು ಒಮ್ಮೆಲೇ ಆವಿಯಾಗಿ ಮೇಲಿನದನ್ನೆಲ್ಲ ಎತ್ತಿ ಎಸೆಯುತ್ತದೆ. ಇಂಥ ಚಿಮ್ಮುವ ಬುಗ್ಗೆಗೆ ಗೀಸರ್ ಎನ್ನುತ್ತಾರೆ. ನಮ್ಮ ಬಚ್ಚಲುಮನೆಯ ಗೀಸರಿಗೂ ಇದೇ ಹೆಸರು ಬಂತು.

ಗೀಸರಿಗೆ ಮೂರು ಬೇಕು. ಬಿಸಿ, ನೀರು, ಸರಿಯಾದ ಒತ್ತಡ. ಜ್ವಾಲಾಮುಖಿ ಸೀಮೆಯಲ್ಲಿ ಬಿಸಿಗೆ ಬರವಿಲ್ಲ. ನೀರು ಮತ್ತು ಒತ್ತಡ ಮಾತ್ರ ಮನುಷ್ಯ ಕೈ ಹಾಕಿದರೆ ಕೆಡುತ್ತವೆ.

ಮುಳುಗಿದ್ದು, ಒಣಗಿದ್ದು

ವೈಕಾಟೊ ದಂಡೆಯಲ್ಲಿ ಓರಾಕೆ ಕೊರಾಕೊ ಎಂಬ ಬಿಸಿಬುಗ್ಗೆಗಳ ಜಾಗವಿದೆ. 1961ರಲ್ಲಿ ಕೆಳಗೆ ಓಹಾಕುರಿ ಅಣೆಕಟ್ಟು ತುಂಬಿದಾಗ ಅಲ್ಲಿನ ಬಹುಪಾಲು ಬುಗ್ಗೆಗಳು ಹಿನ್ನೀರಿನಲ್ಲಿ ಮುಳುಗಿದವು. ಉಳಿದದ್ದನ್ನು ನೋಡಲು ಈಗಲೂ ಜನ ದೋಣಿಯಲ್ಲಿ ದಾಟಿ ಹೋಗುತ್ತಾರೆ. ಬಿಳಿ, ಹಳದಿ, ಕಿತ್ತಳೆ ಬಣ್ಣದ ಮೆಟ್ಟಿಲುಗಳಂಥ ಕಲ್ಲು ಚೆಂದವೇ. ಆದರೆ ಚೆಂದ ಅಂತ ನೋಡಿ ಬರುವುದು ಉಳಿದ ಚೂರನ್ನು.

ಹುಕಾದಿಂದ ಕೂಗಳತೆಗಿಂತ ಸ್ವಲ್ಪ ಆಚೆ ವೈರಾಕೆ. ಅಲ್ಲಿ ಗೀಸರ್ ಕಣಿವೆ ಎಂದೇ ಹೆಸರಾದ ಜಾಗ ಇತ್ತು. ಹತ್ತೊಂಬತ್ತನೇ ಶತಮಾನದಿಂದಲೂ ಪ್ರವಾಸಿಗರು ಬರುತ್ತಿದ್ದರು. 1950ರ ದಶಕದಲ್ಲಿ ಸರ್ಕಾರ ಅಲ್ಲಿ ಆಳದ ಬಾವಿಗಳನ್ನು ಕೊರೆಯಿತು. ಕೆಳಗಿನ ಬಿಸಿನೀರು, ಹಬೆ ಮೇಲೆ ತಂದು ಟರ್ಬೈನ್ ತಿರುಗಿಸಿ ಕರೆಂಟ್ ಮಾಡುವ ಯೋಜನೆ. 1958ರಲ್ಲಿ ಕೇಂದ್ರ ಶುರುವಾಯಿತು. ಇಟಲಿಯ ಲಾರ್ಡೆರೆಲ್ಲೊ ಬಿಟ್ಟರೆ ಜಗತ್ತಿನಲ್ಲಿ ಅಂಥ ದೊಡ್ಡ ಕೇಂದ್ರ ಆಗ ಬೇರೆ ಇರಲಿಲ್ಲ.

ಮುಂದಿನದು ನಿಮಗೆ ನಾವು ಹೇಳಬೇಕಾಗಿಲ್ಲ. ಪಕ್ಕದ ಹೊಲದವರು ಸಾವಿರ ಅಡಿ ಕೊರೆಸಿದ ಮೇಲೆ ನಿಮ್ಮ ತೆರೆದ ಬಾವಿಗೆ ಏನಾಯಿತೋ ಅದೇ. ಒತ್ತಡ ಇಳಿಯಿತು. ಗೀಸರುಗಳು ಒಂದೊಂದಾಗಿ ಚಿಮ್ಮುವುದನ್ನು ನಿಲ್ಲಿಸಿದವು. 1960ರ ದಶಕ ಮುಗಿಯುವ ಹೊತ್ತಿಗೆ ಗೀಸರ್ ಕಣಿವೆಯಲ್ಲಿ ಗೀಸರೇ ಇಲ್ಲ. ನೀರು ಕಡಿಮೆಯಾದ ಕುಕ್ಕರಿನಲ್ಲಿ ಬರೀ ಹಬೆ ಬುಸುಗುಡುವ ಹಾಗೆ, ಹತ್ತಿರದ ಇನ್ನೊಂದು ಬಯಲಲ್ಲಿ ಹಬೆ ಜಾಸ್ತಿಯಾಯಿತು. ನೆಲ ಕುಸಿಯತೊಡಗಿತು. ಒಂದು ಕಡೆ ಸುಮಾರು 15 ಮೀಟರ್ ಇಳಿದಿದೆ. ಅಂದರೆ ಐದು ಅಂತಸ್ತಿನ ಕಟ್ಟಡದಷ್ಟು.

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು. ವೈರಾಕೆ ಕೇಂದ್ರ ಇವತ್ತಿಗೂ ಓಡುತ್ತಿದೆ. ನ್ಯೂಜಿಲೆಂಡಿನ ಒಟ್ಟು ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಈಗ ನೆಲದ ಬಿಸಿಯಿಂದಲೇ ಬರುತ್ತದೆ. ಕಲ್ಲಿದ್ದಲು ಸುಡುವುದಕ್ಕಿಂತ ಇದು ಎಷ್ಟೋ ವಾಸಿ. ಬಳಸಿದ ನೀರನ್ನು ಮತ್ತೆ ನೆಲದೊಳಗೆ ಇಳಿಸುವ ಪದ್ಧತಿಯೂ ಆಮೇಲೆ ಬಂತು. ಆದರೆ ಕಣಿವೆಯ ಗೀಸರುಗಳು ವಾಪಸ್ ಬರಲಿಲ್ಲ. ಕೊರೆಯುವಾಗ ಯಾರೂ ಲೆಕ್ಕಕ್ಕೆ ಹಿಡಿಯದ ಖರ್ಚು ಅದು.

ರೋಟೊರುವಾದವರು ಮಾಡಿದ ಕೆಲಸ

ಟೌಪೊದಿಂದ ಸುಮಾರು 80 ಕಿಲೋಮೀಟರ್ ಉತ್ತರಕ್ಕೆ ರೋಟೊರುವಾ ಪಟ್ಟಣ. ಊರಿಗೆ ಕಾಲಿಟ್ಟರೆ ಕೊಳೆತ ಮೊಟ್ಟೆಯ ವಾಸನೆ, ಅದು ಗಂಧಕದ ಅನಿಲ. ಊರಿನ ಅಂಚಿನಲ್ಲಿ ಫಾಕರೆವರೆವ ಎಂಬ ಕಣಿವೆ. ಅಲ್ಲಿ ಮಾವೊರಿ ಕುಟುಂಬಗಳು ಇಂದಿಗೂ ಬಿಸಿಬುಗ್ಗೆಗಳ ನಡುವೆಯೇ ಮನೆ ಕಟ್ಟಿಕೊಂಡು ಬದುಕುತ್ತಿವೆ. ಜೋಳದ ತೆನೆ, ತರಕಾರಿಯನ್ನು ಚೀಲದಲ್ಲಿ ಕಟ್ಟಿ ಕುದಿಯುವ ಕೊಳಕ್ಕೆ ಇಳಿಬಿಟ್ಟು ಬೇಯಿಸುತ್ತಾರೆ. ಹಬೆ ಬರುವ ಜಾಗದಲ್ಲಿ ಪೆಟ್ಟಿಗೆಯಿಟ್ಟು ನಾವು ಇಡ್ಲಿ ಬೇಯಿಸುವ ಹಾಗೆ ಮಾಂಸ ಬೇಯಿಸುತ್ತಾರೆ. ನಮ್ಮ ದೇಶದಲ್ಲೂ ಹಿಮಾಚಲದ ಮಣಿಕರಣ್‌ನಲ್ಲಿ ಬಿಸಿಬುಗ್ಗೆಯಲ್ಲೇ ಅನ್ನ ಬೇಯಿಸುವುದನ್ನು ಯಾತ್ರೆಗೆ ಹೋದವರು ನೋಡಿರುತ್ತಾರೆ.

ಆ ಕಣಿವೆಯ ದೊಡ್ಡ ಗೀಸರಿನ ಹೆಸರು ಪೋಹುತು. 30 ಮೀಟರ್ ತನಕ ಚಿಮ್ಮುತ್ತದೆ, ದಿನಕ್ಕೆ ಎಷ್ಟೋ ಸಲ. ಪ್ರವಾಸಿಗರು ಹಾಕಿಕೊಟ್ಟ ದಾರಿಯಲ್ಲೇ ನಡೆಯಬೇಕು. ಪಕ್ಕದ ನೆಲ ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಟೊಳ್ಳು, ಕಾಲಿಟ್ಟರೆ ಕುದಿನೀರು.

ಈ ಪೋಹುತುವೂ ನಿಂತೇಹೋಗುವ ಸ್ಥಿತಿಗೆ ಬಂದಿತ್ತು. ಕಾರಣ ಯಾವುದೋ ದೊಡ್ಡ ಕಾರ್ಖಾನೆ ಅಲ್ಲ. ಊರಿನ ಮನೆಗಳು, ಹೋಟೆಲುಗಳು. ಚಳಿ ದೇಶ, ಕೆಳಗೆ ಬಿಸಿನೀರು ಪುಕ್ಕಟೆ. ಮನೆ ಹಿತ್ತಿಲಲ್ಲಿ ಒಂದು ಬಾವಿ ಕೊರೆಸಿದರೆ ಮನೆ ಬೆಚ್ಚಗೆ, ಸ್ನಾನಕ್ಕೆ ಬಿಸಿನೀರು. ಒಬ್ಬರು ಕೊರೆಸಿದರು, ಪಕ್ಕದವರು ಕೊರೆಸಿದರು, ಹೀಗೆ ನೂರಾರು ಬಾವಿಗಳಾದವು. ಒಬ್ಬೊಬ್ಬರದ್ದು ನೋಡಿದರೆ ಚಿಕ್ಕದು. ಒಟ್ಟಿಗೆ ನೋಡಿದರೆ ಕಣಿವೆಯ ಒತ್ತಡವೇ ಕುಸಿಯಿತು. ಪಾಪಕುರಾ ಎಂಬ ಗೀಸರ್ 1979ರಲ್ಲಿ ನಿಂತೇ ಹೋಯಿತು.

1986ರಲ್ಲಿ ಅಲ್ಲಿನ ಸರ್ಕಾರ ಗಟ್ಟಿ ನಿರ್ಧಾರ ಮಾಡಿತು. ಪೋಹುತುವಿನಿಂದ 1.5 ಕಿಲೋಮೀಟರ್ ಒಳಗಿನ ಎಲ್ಲ ಬಾವಿಗಳನ್ನೂ ಮುಚ್ಚಬೇಕು. ಅದರಾಚೆ ಬಿಸಿನೀರು ಎತ್ತುವವರು ಶುಲ್ಕ ಕಟ್ಟಬೇಕು. ಜನ ಸುಮ್ಮನೆ ಒಪ್ಪಲಿಲ್ಲ. ನಮ್ಮ ಹಿತ್ತಿಲು, ನಮ್ಮ ದುಡ್ಡು, ನಮ್ಮ ಬಾವಿ ಎಂದು ಜೋರಾಗಿಯೇ ವಿರೋಧಿಸಿದರು. ಅವರ ಸಿಟ್ಟಿನಲ್ಲೂ ಅರ್ಥವಿತ್ತು. ಚಳಿಗಾಲದಲ್ಲಿ ಮನೆ ತಣ್ಣಗಾಗುವುದು ಚಿಕ್ಕ ಮಾತಲ್ಲ. ಆದರೂ ಮುಂದಿನ ಒಂದೆರಡು ವರ್ಷದಲ್ಲಿ ನೂರಕ್ಕೂ ಹೆಚ್ಚು ಬಾವಿಗಳು ಮುಚ್ಚಿದವು.

ಆಮೇಲೆ ಏನಾಯಿತು ಗೊತ್ತೇ? ಒತ್ತಡ ಏರಿತು. ಬತ್ತಿದ ಬುಗ್ಗೆಗಳಲ್ಲಿ ನೀರು ಕಾಣಿಸಿಕೊಂಡಿತು. ಪೋಹುತು ಮತ್ತೆ ಚೆನ್ನಾಗಿ ಚಿಮ್ಮತೊಡಗಿತು. ಸತ್ತೇಹೋಯಿತು ಎಂದುಕೊಂಡಿದ್ದ ಪಾಪಕುರಾ 2015ರಲ್ಲಿ ಮತ್ತೆ ಎದ್ದಿತು. ನಿಂತು 36 ವರ್ಷವಾಗಿತ್ತು. ಬಾವಿ ಮುಚ್ಚಿದ ಮೇಲೂ ಕಾಲು ಶತಮಾನ ಕಾಯಬೇಕಾಯಿತು.

ಇದರಲ್ಲಿ ನಮ್ಮ ಮಾತೇನು?

ನಮ್ಮ ಕಡೆ ಜ್ವಾಲಾಮುಖಿ ಇಲ್ಲ, ಗೀಸರ್ ಇಲ್ಲ. ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಬೆಂದ್ರು ತೀರ್ಥ ಎಂಬ ಬೆಚ್ಚನೆಯ ನೀರಿನ ಬುಗ್ಗೆ ಇದೆ, ಅದು ಬಿಟ್ಟರೆ ಬಿಸಿಬುಗ್ಗೆಯ ಹೆಸರು ನಮ್ಮ ರಾಜ್ಯದಲ್ಲಿ ಅಷ್ಟಾಗಿ ಕೇಳುವುದಿಲ್ಲ. ಆದರೆ ಬಾವಿ ಕೊರೆಯುವುದರಲ್ಲಿ ನಾವು ಯಾರಿಗೂ ಕಮ್ಮಿಯಿಲ್ಲ. ತೆಂಗಿನಕಾಯಿ ಅಂಗೈಯಲ್ಲಿಟ್ಟು ಪಾಯಿಂಟ್ ನೋಡುವವರು ಬರುತ್ತಾರೆ, ರಾತ್ರೋರಾತ್ರಿ ರಿಗ್ ಬರುತ್ತದೆ, ಬೆಳಗ್ಗೆ ಹೊತ್ತಿಗೆ ಊರೆಲ್ಲ ಬಿಳಿ ಧೂಳು. ನೀರು ಬಂದರೆ ಪೂಜೆ, ಬರದಿದ್ದರೆ ಸಾಲ. ಮುಂದಿನ ವರ್ಷ ಪಕ್ಕದ ಹೊಲದಲ್ಲಿ ಇನ್ನೂ ಇನ್ನೂರು ಅಡಿ ಆಳಕ್ಕೆ.

ರೋಟೊರುವಾದ ಹಿತ್ತಿಲಿಗೂ ನಮ್ಮ ಹೊಲಕ್ಕೂ ಒಂದೇ ಸಮಸ್ಯೆ. ಬಾವಿ ನಮ್ಮದು, ನೀರು ಎಲ್ಲರದು. ಮೇಲೆ ಬೇಲಿ ಹಾಕಬಹುದು, ಕೆಳಗೆ ಬೇಲಿ ಇಲ್ಲ. ಒಂದೇ ಕೊಡಕ್ಕೆ ಹತ್ತು ಸ್ಟ್ರಾ ಹಾಕಿ ಕುಡಿದರೆ ಯಾರ ಸ್ಟ್ರಾ ಉದ್ದವೋ ಅವರಿಗೆ ಕೊನೆಯ ಗುಟುಕು. ಸಣ್ಣ ಹಿಡುವಳಿದಾರರ ಸ್ಟ್ರಾ ಯಾವತ್ತೂ ಗಿಡ್ಡ.

ವ್ಯತ್ಯಾಸವೂ ಇದೆ. ಅಲ್ಲಿ ನೀರು ನಿಂತರೆ ಊರಿಗೇ ಕಾಣುತ್ತಿತ್ತು, ಗೀಸರ್ ಚಿಮ್ಮುವುದಿಲ್ಲ, ಪ್ರವಾಸಿಗರು ಬರುವುದಿಲ್ಲ. ನಮ್ಮಲ್ಲಿ ನೆಲದೊಳಗಿನ ನೀರು ಇಳಿದರೆ ಕಾಣುವುದು ಊರಿನ ಸೇದುವ ಬಾವಿ ಬತ್ತಿದಾಗ, ಊರಾಚೆಯ ಕುಂಟೆ ಒಣಗಿದಾಗ. ಅಷ್ಟರೊಳಗೆ ಮನೆಮನೆಗೆ ನಲ್ಲಿ ಬಂದಿರುತ್ತದೆ, ಬಾವಿಗೆ ಕಸ ಬಿದ್ದಿರುತ್ತದೆ, ಯಾರೂ ಕೇಳುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಆ ಸೇದುವ ಬಾವಿಯೇ ನಮ್ಮ ಊರಿನ ಪೋಹುತು. ಅದರಲ್ಲಿ ನೀರು ಎಷ್ಟಿದೆ ಎನ್ನುವುದೇ ಊರಿನ ಕೆಳಗಿನ ಲೆಕ್ಕದ ಪಾಸ್‌ಬುಕ್.

ಕಾನೂನು ಇಲ್ಲವೇ? ಇದೆ. ಕುಡಿಯುವ ನೀರಿನ ಮೂಲಗಳ ರಕ್ಷಣೆಗೆ ಅಂತಲೇ ಕರ್ನಾಟಕದಲ್ಲಿ 1999ರ ಅಂತರ್ಜಲ ಕಾಯ್ದೆ ಇದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ಕೊರೆಯುವಂತಿಲ್ಲ ಎನ್ನುತ್ತದೆ ಅದು. 2011ರಲ್ಲಿ ಅಂತರ್ಜಲ ಬಳಕೆಯ ನಿಯಂತ್ರಣಕ್ಕೆ ಇನ್ನೊಂದು ಕಾಯ್ದೆ ಬಂತು, ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಬಾವಿಗೆ ಅನುಮತಿ ಬೇಕು. ರೋಟೊರುವಾದಲ್ಲಿ 1.5 ಕಿಲೋಮೀಟರ್ ಎಂದರು, ಟೇಪ್ ಹಿಡಿದು ಅಳೆದರು, ಮುಚ್ಚಿದರು. ನಮ್ಮ 500 ಮೀಟರನ್ನು ನಿಮ್ಮೂರಿನಲ್ಲಿ ಯಾರಾದರೂ ಅಳೆದದ್ದನ್ನು ನೋಡಿದ್ದೀರಾ? ನಾವಂತೂ ವರದಿಗೆ ಹೋದ ಹಳ್ಳಿಗಳಲ್ಲಿ ನೋಡಿಲ್ಲ.

ರೈತರೊಬ್ಬರು ಇದನ್ನು ಓದಿ ಸಿಟ್ಟಾಗಬಹುದು. "ಬೋರ್ ಮುಚ್ಚಿ ಅಂತೀರಲ್ಲ, ನಾವೇನು ಮಣ್ಣು ತಿನ್ನಬೇಕಾ?" ಅನ್ನಬಹುದು. ನ್ಯಾಯವಾದ ಪ್ರಶ್ನೆ. ಎಲ್ಲ ಬೋರ್ ಮುಚ್ಚಿ ಎಂದು ನಾವು ಹೇಳುತ್ತಿಲ್ಲ. ಊರಿಗೆ ನೀರು ಕೊಡುವ ಬೋರಿನ ಪಕ್ಕದಲ್ಲಿ ಹೊಸದನ್ನು ಕೊರೆಯಬೇಡಿ ಎನ್ನುತ್ತಿದ್ದೇವೆ. ಎಲ್ಲಾದರೂ ಮುಚ್ಚಲೇಬೇಕಾಗಿ ಬಂದರೆ ಆ ನಷ್ಟ ಒಬ್ಬ ರೈತನ ತಲೆಗೆ ಬೀಳಬಾರದು, ಊರಿಗಾಗಿ ಬಿಟ್ಟದ್ದಕ್ಕೆ ಸರ್ಕಾರ ಪರಿಹಾರ ಕೊಡಬೇಕು. ಇನ್ನೊಂದು ಮಾತು. ನೀರು ಮಾರುವ ಟ್ಯಾಂಕರಿನವರಿಗೂ ರಾಗಿ, ತೊಗರಿ ಬೆಳೆಯುವ ಎರಡು ಎಕರೆಯವರಿಗೂ ಒಂದೇ ನಿಯಮ ಅಂತ ಕಣ್ಣು ಮುಚ್ಚಿ ಕೂರುವುದು ನಿಯಮವೇ ಅಲ್ಲ. ಮೊದಲು ಕೈ ಹಾಕಬೇಕಾದದ್ದು ನೀರನ್ನು ವ್ಯಾಪಾರ ಮಾಡುವ ಬೋರಿಗೆ.

ಇನ್ನು ಕೆಲವರು ಹೇಳಬಹುದು, ಅಲ್ಲಿನ ಭೂಮಿ ಬೇರೆ, ಇಲ್ಲಿನ ಕಲ್ಲು ಬೇರೆ ಎಂದು. ನಿಜ. ನಮ್ಮ ಬಯಲುಸೀಮೆಯ ಕೆಳಗಿರುವುದು ಗಟ್ಟಿ ಕಲ್ಲು, ನೀರು ನಿಲ್ಲುವುದು ಬಿರುಕಿನಲ್ಲಿ. ಆ ಬಿರುಕು ತುಂಬಬೇಕಾದರೆ ಮಳೆಯೇ ಬರಬೇಕು, ಕೆರೆ ತುಂಬಿ ಇಂಗಬೇಕು. ಅಂದರೆ ನಮ್ಮ ಕೊಡ ಇನ್ನೂ ಚಿಕ್ಕದು. ಅದು ಹೆಚ್ಚು ಹುಷಾರಾಗಿರಲು ಕಾರಣವೇ ಹೊರತು ಸುಮ್ಮನಿರಲು ಅಲ್ಲ.

ಮುಂದಿನ ಗ್ರಾಮ ಸಭೆಗೆ ಮೂರು ಪ್ರಶ್ನೆ

ಬರೆದು ಸುಮ್ಮನಾಗುವುದು ಬೇಡ. ಮುಂದಿನ ಗ್ರಾಮ ಸಭೆಗೆ ಹೋದಾಗ ಪಿಡಿಒ ಅವರನ್ನು ಈ ಮೂರು ಕೇಳಿ.

ಒಂದು, ನಮ್ಮೂರಿಗೆ ಕುಡಿಯುವ ನೀರು ಕೊಡುವ ಬೋರ್‌ವೆಲ್‌ಗಳು ಯಾವುವು, ಪ್ರತಿಯೊಂದರಿಂದ 500 ಮೀಟರ್ ಒಳಗೆ ಎಷ್ಟು ಬೋರ್ ಇವೆ? ನಕ್ಷೆಯ ಮೇಲೆ ಗುರುತು ಮಾಡಿ ಪಂಚಾಯಿತಿ ಗೋಡೆಗೆ ಅಂಟಿಸಿ.

ಎರಡು, ಕಳೆದ ಒಂದು ವರ್ಷದಲ್ಲಿ ಆ 500 ಮೀಟರ್ ಒಳಗೆ ಹೊಸದಾಗಿ ಕೊರೆದದ್ದಕ್ಕೆ ಅನುಮತಿ ಇತ್ತೇ? ಕೊಟ್ಟವರು ಯಾರು?

ಮೂರು, ಊರಿನ ಒಂದು ಹಳೆಯ ತೆರೆದ ಬಾವಿಯನ್ನು ಕಸ ತೆಗೆದು ಚೊಕ್ಕ ಮಾಡಿ, ತಿಂಗಳಿಗೊಮ್ಮೆ ನೀರಿನ ಮಟ್ಟ ಅಳೆದು ಬರೆಯುವ ವ್ಯವಸ್ಥೆ ಮಾಡುತ್ತೀರಾ? ಹಗ್ಗ, ಕಲ್ಲು, ಒಂದು ನೋಟ್‌ಬುಕ್ ಸಾಕು. ಶಾಲೆಯ ಮಕ್ಕಳೇ ಮಾಡಬಲ್ಲರು.

ಮೂರನೆಯದನ್ನು ಹಗುರವಾಗಿ ನೋಡಬೇಡಿ. ರೋಟೊರುವಾದ ನಿರ್ಧಾರ ನಿಂತದ್ದು ಅಳತೆಯ ಮೇಲೆ. ಎಲ್ಲಿ ಎಷ್ಟು ಬಾವಿ, ಎಷ್ಟು ನೀರು ಎತ್ತುತ್ತಾರೆ, ಒತ್ತಡ ಎಷ್ಟು ಇಳಿದಿದೆ ಎಂಬ ಲೆಕ್ಕ ಕೈಯಲ್ಲಿದ್ದದ್ದರಿಂದಲೇ ಅಷ್ಟು ಜನರ ವಿರೋಧದ ಮುಂದೆ ಅದು ಉಳಿಯಿತು. ಲೆಕ್ಕವಿಲ್ಲದ ಊರಿನಲ್ಲಿ ಗೆಲ್ಲುವುದು ಗಟ್ಟಿ ಗಂಟಲಿನವರು, ಉದ್ದ ಪೈಪಿನವರು.

ವೈಕಾಟೊ ಕಣಿವೆಯಲ್ಲಿ ಮೂರೂ ನಡೆದಿವೆ. ಒಂದು ಕಡೆ ಬುಗ್ಗೆ ಮುಳುಗಿತು, ಒಂದು ಕಡೆ ಒಣಗಿತು, ಪಕ್ಕದ ರೋಟೊರುವಾದಲ್ಲಿ ವಾಪಸ್ ಬಂತು. ವಾಪಸ್ ಬಂದದ್ದು ತಾನಾಗಿ ಅಲ್ಲ, ಜನ ತಮ್ಮ ಹಿತ್ತಿಲಿನ ಬಾವಿ ಮುಚ್ಚಿದ್ದರಿಂದ. ಪಾಪಕುರಾಕ್ಕೆ ಕಾಲು ಶತಮಾನ ಬೇಕಾಯಿತು. ನಮ್ಮೂರಿನ ಬಾವಿಗೂ ಅಷ್ಟೇ ಬೇಕಾಗಬಹುದು. ಹಾಗಿದ್ದರೆ ಲೆಕ್ಕ ಶುರು ಮಾಡಬೇಕಾದದ್ದು ಈ ಬೇಸಿಗೆಗೇ.

ನಿಮ್ಮೂರಿನ ಗ್ರಾಮ ಸಭೆಯಲ್ಲಿ ಈ ಪ್ರಶ್ನೆ ಕೇಳಿದರೆ ಏನು ಉತ್ತರ ಬಂತು ಅಂತ ನಮಗೆ ಬರೆಯಿರಿ. ಉತ್ತರ ಬರದಿದ್ದರೆ ಅದನ್ನೂ ಬರೆಯಿರಿ. ಅದೂ ಸುದ್ದಿಯೇ.